ಹಸಿರು ಪುಡಿ, ಬಿಳಿ ಪುಡಿ, ಅತ್ತೆಯ ತಿಪ್ಪೆ

ನನ್ನ ಉದ್ಯೋಗ ಬೂಷ್ಟು ಬೆಳೆಸುವುದು. ಹುಡುಗನ ಕಡೆಯವರು ನನ್ನನ್ನು ನೋಡಲು ಬಂದಾಗ "ಹುಡುಗಿ ಏನ್ ಕೆಲಸ ಮಾಡ್ತಾಳ್ರಿ?" ಎಂದು ಕೇಳಿದ್ದಕ್ಕೆ ನಮ್ಮಪ್ಪ "ಕೊಪ್ಪಳದಾಗ ಲ್ಯಾಬಿನಾಗ ಅದಾಳ್ರಿ" ಎಂದು ಎದೆಯುಬ್ಬಿಸಿ ಹೇಳಿದ್ದ. ರಕ್ತ ಪರೀಕ್ಷೆ ಮಾಡುವ ಲ್ಯಾಬು ಇರಬೇಕೆಂದು ಅವರು ತಿಳಿದುಕೊಂಡರು. ಸುಮ್ಮನೆ ಬಾಯಿ ಮುಚ್ಚಿಕೊಂಡು ಕೂಡುವುದು ನನ್ನ ಜಾತಕದಲ್ಲಿಲ್ಲ. "ಬೂಷ್ಟು ಬೆಳಸ್ತೀನ್ರಿ" ಎಂದೆ. ಉಪ್ಪಿಟ್ಟು ತಿನ್ನುತ್ತಿದ್ದವರ ಕೈಗಳೆಲ್ಲ ನಿಂತವು. ಒಬ್ಬರು ಮಾತ್ರ ನಿಲ್ಲಿಸಲಿಲ್ಲ. ತಟ್ಟೆಯಿಂದ ತಲೆ ಎತ್ತದೆಯೇ "ಎದಕ್ಕವ್ವಾ?" ಎಂದು ಕೇಳಿದರು. ಅವರೇ ಮುಂದೆ ನನ್ನ ಅತ್ತೆಯಾದರು.

ಹೊಲದ ಮಣ್ಣಿನಲ್ಲಿ ಬೆಳೆಗೆ ರೋಗ ತರುವ ಬೂಷ್ಟೂ ಇರುತ್ತದೆ, ಆ ಕೆಟ್ಟದ್ದನ್ನು ಸುತ್ತಿಕೊಂಡು ತಿಂದುಹಾಕುವ ಒಳ್ಳೆಯ ಬೂಷ್ಟೂ ಇರುತ್ತದೆ, ನಾವು ಒಳ್ಳೆಯದನ್ನು ಬೆಳೆಸಿ ಪುಡಿ ಮಾಡಿ ರೈತರಿಗೆ ಕೊಡುತ್ತೇವೆ ಎಂದು ವಿವರಿಸಿದೆ. ಅವರು ಉಪ್ಪಿಟ್ಟು ಮುಗಿಸಿ ನೀರು ಕುಡಿದು, "ಕಡ್ಲಿಗೆ ಸಿಡಿ ಹತ್ತತೈತಲ್ಲ, ಅದಕ್ಕ ನಡಿತೈತೇನು?" ಎಂದರು. ಹೂ ಬಿಡುವ ಹೊತ್ತಿಗೆ ಚೆನ್ನಾಗಿದ್ದ ಕಡಲೆ ಗಿಡ ನಿಂತಲ್ಲೇ ಒಣಗಿಹೋಗುತ್ತದಲ್ಲ, ಅದೇ ಸಿಡಿ ರೋಗ. ನಡೆಯುತ್ತದೆ ಎಂದೆ. "ಹಂಗಾರ ನಮಗ ಹುಡುಗಿ ಪಸಂದ್ ಐತಿ" ಎಂದುಬಿಟ್ಟರು. ಹುಡುಗನನ್ನು ಯಾರೂ ಕೇಳಲಿಲ್ಲ. ಆತ ಇಂದಿಗೂ ಅದನ್ನು ಎತ್ತಿ ಆಡುತ್ತಾನೆ.

ನಮ್ಮ ಘಟಕ ಕೊಪ್ಪಳದ ಅಂಚಿನಲ್ಲಿ, ಕಿನ್ನಾಳದ ಕಡೆಗೆ ಹೋಗುವ ರಸ್ತೆಯಲ್ಲಿದೆ. ತಗಡಿನ ಮಾಡು, ಎರಡು ಕೋಣೆ, ಹಬೆಯ ದೊಡ್ಡ ಕುಕ್ಕರು, ಒಂದು ಫ್ರಿಜ್ಜು. ಗಂಗಾವತಿ ಕಡೆಯ ಭತ್ತದವರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅವಸರ ಮಾಡುತ್ತ ಬರುತ್ತಾರೆ. ಕುಷ್ಟಗಿ ಕಡೆಯ ದಾಳಿಂಬೆಯವರು ಒಣಗಿದ ಟೊಂಗೆಯನ್ನೇ ಕಡಿದುಕೊಂಡು ಬಂದು ಮೇಜಿನ ಮೇಲೆ ಇಡುತ್ತಾರೆ. ನಮ್ಮ ಯಲಬುರ್ಗಾ ಕಡೆಯವರು ಬಸ್ಸಿಳಿದು ಬಂದು, ಮೊದಲು ಒಂದು ಚೊಂಬು ನೀರು ಕುಡಿದು, ಎಲ್ಲರ ಮನೆಯ ಕ್ಷೇಮ ಕೇಳಿ, ಎದ್ದು ಹೋಗುವಾಗ ಬಂದ ಕೆಲಸ ನೆನಪಿಸಿಕೊಳ್ಳುತ್ತಾರೆ.

ನಾವು ಕೊಡುವುದು ಎರಡು ಪಾಕೀಟು. ಒಂದು ಹಸಿರು ಪುಡಿ. ಅದರಲ್ಲಿರುವುದು ಟ್ರೈಕೋಡರ್ಮಾ ಎನ್ನುವ ಬೂಷ್ಟು. ಇನ್ನೊಂದು ಬಿಳಿ ಪುಡಿ. ಅದರಲ್ಲಿರುವುದು ಸ್ಯೂಡೋಮೊನಾಸ್ ಎನ್ನುವ ಬ್ಯಾಕ್ಟೀರಿಯಾ. ಇಬ್ಬರೂ ರೈತನ ಕಡೆಯವರೇ. ಆದರೆ ಒಬ್ಬರಿಗೊಬ್ಬರು ಆಗಿಬರುವುದಿಲ್ಲ. ಬೇರಿನ ಸುತ್ತ ತನ್ನ ಜಾಗ ಕಾಯ್ದುಕೊಳ್ಳಲು ಬ್ಯಾಕ್ಟೀರಿಯಾ ಒಂದು ಬಗೆಯ ವಿಷ ಬಿಡುತ್ತದೆ. ರೋಗದ ಬೂಷ್ಟು ಸಾಯುವುದು ಆ ವಿಷದಿಂದಲೇ. ಆದರೆ ವಿಷಕ್ಕೆ ತನ್ನವರು ಪರರು ಗೊತ್ತಾಗಬೇಕಲ್ಲ. ಹಸಿರು ಬೂಷ್ಟೂ ಅದಕ್ಕೆ ಸಿಕ್ಕಿ ಮುದುಡಿಕೊಳ್ಳುತ್ತದೆ. ಅದಕ್ಕೇ ನಮ್ಮ ಸರ್, ಅಂದರೆ ಘಟಕ ನಡೆಸುವವರು, ಎರಡಕ್ಕೂ ಬೇರೆ ಬೇರೆ ಕಪಾಟು, ಬೇರೆ ಬೇರೆ ಚಮಚ ಇಟ್ಟಿದ್ದರು. ನಾನು ಒಂದು ಹೆಜ್ಜೆ ಮುಂದೆ ಹೋಗಿ "ಎರಡನ್ನೂ ಎಂದೂ ಕೂಡಿಸಬೇಡಿ" ಎಂದು ಕೆಂಪು ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. ಬಂದವರಿಗೆಲ್ಲ ಅದನ್ನು ಓದಿಸುತ್ತಿದ್ದೆ. ಓದು ಬಾರದವರಿಗೆ ನಾನೇ ಜೋರಾಗಿ ಓದಿ ಹೇಳುತ್ತಿದ್ದೆ.

ಮದುವೆಯಾದ ವರ್ಷವೇ ಅತ್ತೆಗೆ ಎರಡೂ ಪಾಕೀಟು ಒಯ್ದು ಕೊಟ್ಟೆ. ಹಸಿರು ಪುಡಿ ತಿಪ್ಪೆ ಗೊಬ್ಬರಕ್ಕೆ, ಬಿಳಿ ಪುಡಿ ಬೀಜಕ್ಕೆ ಎಂದು ಹೇಳಿದ್ದೆ. ಹೇಳಿದ್ದೆ ಎಂದು ನಾನು ಅನ್ನುತ್ತೇನೆ, ಹೇಳಿರಲಿಲ್ಲ ಎಂದು ಅತ್ತೆ ಅನ್ನುತ್ತಾರೆ. ಈ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.

ಅತ್ತೆ ಇರುವುದು ಯಲಬುರ್ಗಾ ದಾಟಿ ಎರಡು ಸ್ಟಾಪು ಆಚೆಯ ಹಳ್ಳಿಯಲ್ಲಿ. ಭಾವ, ನೆಗೆಣ್ಣಿ, ಅವರ ಮೂರು ಮಕ್ಕಳು, ನಾಲ್ಕು ಎಮ್ಮೆ, ಮನೆ ತುಂಬಿ ಗಲಗಲ ಅನ್ನುತ್ತದೆ. ಆ ಮನೆಯಲ್ಲಿ ಮೊಸರಿನ ಹೆಪ್ಪಿಗೆ ದೊಡ್ಡ ಮರ್ಯಾದೆ. ಅತ್ತೆ ಮದುವೆಯಾಗಿ ಬರುವಾಗ ತವರಿನಿಂದ ಹೆಪ್ಪು ತಂದಿದ್ದರಂತೆ. ಅದು ಇಂದಿಗೂ ನಿಂತಿಲ್ಲ. ಓಣಿಯಲ್ಲಿ ಯಾರ ಮನೆಯ ಮೊಸರು ಕೆಟ್ಟರೂ ಬಟ್ಟಲು ಹಿಡಿದುಕೊಂಡು ಇವರ ಬಾಗಿಲಿಗೇ ಬರುತ್ತಾರೆ. ಹೆಪ್ಪು ಕೇಳಿ ಬಂದವರಿಗೆ ಇಲ್ಲ ಅನ್ನಬಾರದು ಎನ್ನುವುದು ಅವರ ನೇಮ.

ನಾನು ಕೊಟ್ಟ ಪುಡಿಯನ್ನೂ ಅವರು ಹೆಪ್ಪಿನ ಲೆಕ್ಕದಲ್ಲೇ ತಿಳಿದುಕೊಂಡರು. ಬೇವಿನ ಗಿಡದ ನೆರಳಲ್ಲಿ ಕಳಿತ ಗೊಬ್ಬರ ಗುಡ್ಡೆ ಹಾಕಿ, ಪುಡಿ ಕಲೆಸಿ, ಬೆಲ್ಲದ ನೀರು ಚಿಮುಕಿಸಿ, ಮೇಲೆ ಹಸಿ ಗೋಣಿಚೀಲ ಹೊದಿಸಿದರು. ಹದಿನೈದು ದಿನಕ್ಕೆ ಗುಡ್ಡೆಯ ಮೇಲೆ ಹಸಿರು ಬಂತು. ಬಿತ್ತುವ ಮುಂದೆ ಅದನ್ನು ಹೊಲಕ್ಕೆ ಹಾಕಿದರು, ಮಹಿಳಾ ಸಂಘದ ಗೆಳತಿಯರಿಗೂ ಒಂದೊಂದು ಬುಟ್ಟಿ ಕೊಟ್ಟರು. ಮೊದಲನೇ ವರ್ಷ ಮಾತ್ರ ಫೋನ್ ಮಾಡಿ, "ಹಸರು ಎಲ್ಲಾ ಕಡೆ ಬಂದಿಲ್ಲವಾ, ಅಲ್ಲೊಂದು ಇಲ್ಲೊಂದು ಚುಕ್ಕಿ ಬಂದಾವ" ಎಂದಿದ್ದರು. ನಾನು ಕೆಲಸದ ಗದ್ದಲದಲ್ಲಿದ್ದೆ. "ಬೆಲ್ಲ ಕಡಿಮಿ ಆಗಿರಬೇಕ್ರಿ" ಎಂದು ಹೇಳಿ ಫೋನ್ ಇಟ್ಟುಬಿಟ್ಟೆ. ಮರುವರ್ಷದಿಂದ ಅವರು ಹಸಿರು ಪಾಕೀಟು ಕೇಳಲೇ ಇಲ್ಲ. ಹಳೆಯ ಗುಡ್ಡೆಯಿಂದ ಒಂದಿಷ್ಟು ತೆಗೆದು ಮಣ್ಣಿನ ಮಡಕೆಯಲ್ಲಿ ತಂಪಿನಲ್ಲಿಟ್ಟು, ಹೊಸ ಗುಡ್ಡೆಗೆ ಅದನ್ನೇ ಹೆಪ್ಪು ಹಾಕತೊಡಗಿದರು. ಬಿಳಿ ಪಾಕೀಟು ಮಾತ್ರ ಪ್ರತಿವರ್ಷ ತರಿಸಿಕೊಳ್ಳುತ್ತಿದ್ದರು. ಬೀಜಕ್ಕೆ ಹಚ್ಚುತ್ತಾರೆ ಎಂದು ನಾನು ನಂಬಿದ್ದೆ. ಸಿಡಿ ಹತ್ತುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಯಿತು. ಸಂಘದಲ್ಲಿ ಅತ್ತೆಯ ಬೆಲೆ ಏರಿತು. ನಾನು ಲ್ಯಾಬಿನಲ್ಲಿ ಕುಳಿತು ನನ್ನ ಪುಡಿಯ ಪ್ರತಾಪವೆಂದು ಬೀಗುತ್ತಿದ್ದೆ.

ಐದನೇ ವರ್ಷದ ಹಿಂಗಾರಿ. ಕಡಲೆ ಬಿತ್ತನೆ ಇನ್ನೂ ದೂರವಿತ್ತು. ಮಳೆ ಬಿಟ್ಟು ಬಿಟ್ಟು ಹೊಡೆಯುತ್ತಿದ್ದುದರಿಂದ ಎರೆ ಹೊಲದಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ, ಕಾಲು ಮಾತ್ರ ಮೇಲೆ. ಒಂದು ಭಾನುವಾರ ನಾನೊಬ್ಬಳೇ ಊರಿಗೆ ಹೋದೆ. ಬೇವಿನ ಗಿಡದ ಕೆಳಗೆ ಅತ್ತೆ, ಅವರ ಸುತ್ತ ಬುಟ್ಟಿ ಹಿಡಿದುಕೊಂಡ ಏಳೆಂಟು ಹೆಂಗಸರು. ಆ ಸಲ ಗೊಬ್ಬರಕ್ಕೆ ಹೆಪ್ಪು ಹಾಕುವುದನ್ನು ಅವರಿಗೆಲ್ಲ ಕಲಿಸಿಕೊಡುತ್ತಿದ್ದರು. ಇನ್ನು ಮುಂದೆ ಒಬ್ಬೊಬ್ಬರೂ ತಮ್ಮ ಮನೆಯಲ್ಲೇ ಗುಡ್ಡೆ ಹಾಕಿಕೊಳ್ಳಲಿ ಎಂದು ಅವರ ಆಸೆ. ಮುಖದಲ್ಲಿ ಸಾಲಿ ಮಾಸ್ತರರ ಗತ್ತು. ನನಗೂ ನೋಡಿ ಖುಷಿಯಾಯಿತು. ಆಗ ಅವರು ಸೀರೆಯ ಮಡಿಲಿಂದ ಬಿಳಿ ಪಾಕೀಟು ತೆಗೆದು, ಹಲ್ಲಿನಿಂದ ಹರಿದು, ಹೆಪ್ಪು ಹಾಕಿದ ಗುಡ್ಡೆಯ ಮೇಲೆ ಸುರಿದೇಬಿಟ್ಟರು.

"ಅತ್ತೀ! ಏನ್ ಮಾಡಾಕತ್ತೀರಿ?" ಎಂದು ಕೂಗಿದೆ.

"ಏನ್ ಮಾಡ್ಲಿ? ಹಸರು ಹೆಪ್ಪು ಹಾಕೇನಿ, ಈಗ ಬಿಳಿ ಪುಡಿ ಹಾಕಾಕತ್ತೀನಿ."

"ಎಷ್ಟು ವರ್ಷದಿಂದ ಹಿಂಗ ಹಾಕಾಕತ್ತೀರಿ?"

"ನೀ ಕೊಟ್ಟಾಗಿಂದ. ಎರಡು ಪಾಕೀಟ ಕೊಟ್ಟಿ, ಎರಡೂ ಹಾಕಿದೆ. ಒಂದ ಮನ್ಯಾಗ ಅತ್ತಿ ಸೊಸಿ ಇರೂದಿಲ್ಲೇನು?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನಾನೂ ಆಗ ನಕ್ಕುಬಿಟ್ಟಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ. ಆದರೆ ನನ್ನ ಮೂಗಿನ ತುದಿಯಲ್ಲಿ ಯಾವಾಗಲೂ ಸಿಟ್ಟು ಇರುತ್ತದೆ, ಗೋಡೆಯ ಮೇಲಿನ ಕೆಂಪು ಅಕ್ಷರ ಕಣ್ಣ ಮುಂದೆ ಬಂತು. ಬಿಳಿ ಪುಡಿ ಹಸಿರನ್ನು ಕೊಲ್ಲುತ್ತದೆ, ನಾಲ್ಕು ವರ್ಷದಿಂದ ನೀವು ಹೊಲಕ್ಕೆ ಹಾಕಿದ್ದು ಬರೀ ಸಗಣಿ, ಇದು ಸತ್ತ ತಿಪ್ಪೆ, ಚೆಲ್ಲಿಬಿಡ್ರಿ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಸುಮ್ಮನಾಗಬಹುದಿತ್ತು. "ತಿಳೀಲಿಲ್ಲ ಅಂದ್ರ ಕೇಳಬೇಕ್ರಿ, ತಿಳಿದವ್ರಂಗ ಊರಿಗೆಲ್ಲಾ ಕಲಿಸಬಾರದು" ಎಂದೂ ಸೇರಿಸಿದೆ.

ನಗು ನಿಂತಿತು. ಪಕ್ಕದ ಮನೆಯಾಕೆ, ಅತ್ತೆಯ ಹಳೆಯ ಗೆಳತಿ, ತನ್ನ ಮನೆಗೆಂದು ತುಂಬಿಸಿಕೊಂಡಿದ್ದ ಬುಟ್ಟಿಯನ್ನು ಮೆಲ್ಲಗೆ ಗುಡ್ಡೆಗೆ ಬಗ್ಗಿಸಿದಳು. ಒಬ್ಬೊಬ್ಬರಾಗಿ ಉಳಿದವರೂ ಬಗ್ಗಿಸಿದರು. ಅತ್ತೆ ಗೋಣಿಚೀಲವನ್ನು ಝಾಡಿಸಿ ಮಡಚಿ ಕಂಕುಳಲ್ಲಿಟ್ಟುಕೊಂಡು, "ಆತವಾ, ನೀ ಓದಿದಾಕಿ" ಎಂದು ಒಳಗೆ ಹೋದರು. ನನಗೆ ರೊಟ್ಟಿ, ಪುಂಡಿಪಲ್ಲೆ, ಗಟ್ಟಿ ಮೊಸರು ಬಡಿಸಿದರು. ಎಂದಿನಂತೆ ಎರಡನೇ ಸಲ ಒತ್ತಾಯ ಮಾಡಲಿಲ್ಲ. ಅಷ್ಟೇ ವ್ಯತ್ಯಾಸ. ಒಂದೇ ರೊಟ್ಟಿ ತಿಂದು ಎದ್ದೆ.

ಕೊಪ್ಪಳಕ್ಕೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಆತ ಬಸ್ ಡಿಪೋದಲ್ಲಿ ಕೆಲಸ ಮಾಡುತ್ತಾನೆ, ಯಾವುದಕ್ಕೂ ಸಿಟ್ಟಾಗದ ಪ್ರಾಣಿ. ಕೊನೆಯವರೆಗೂ ಕೇಳಿ, "ಹಂಗಾರ ತಿಪ್ಪಿ ಸತ್ತೈತಿ ಅಂತ ನೀ ನೋಡಿದಿ?" ಎಂದ.

"ನೋಡೂದೇನೈತಿ? ಎರಡೂ ಕೂಡಿದ್ರ ಸಾಯ್ತೈತಿ."

"ರೈತರು ತಂದ ಮಣ್ಣು ವಾರಗಟ್ಲೆ ನೋಡಿ ಆಮ್ಯಾಲ ಮಾತಾಡ್ತಿ. ನಮ್ಮವ್ವನ ತಿಪ್ಪಿ ನೋಡಾಕ ಒಂದು ನಿಮಿಷ ಸಾಕಾತೇನು?"

ಮಾತಿನಲ್ಲಿ ಸಿಕ್ಕಿಬಿದ್ದಾಗ ನಾನು ಪಾತ್ರೆ ತೊಳೆಯುತ್ತೇನೆ. ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದ ಮೇಲೆ ಅತ್ತೆಗೆ ಫೋನ್ ಮಾಡಿದೆ. "ಆ ಮಡಕ್ಯಾಗಿನ ಹೆಪ್ಪು ಒಂದು ಡಬ್ಬಿ ಕಳಸ್ರಿ, ಲ್ಯಾಬಿನಾಗ ನೋಡ್ತೀನಿ" ಎಂದೆ. "ಆತು" ಎಂದರು. ಗುಡ್ಡೆಯನ್ನು ಅಲ್ಲಿಯವರೆಗೆ ಚೆಲ್ಲಬೇಡಿ ಎಂದು ಹೇಳಬೇಕಾಗಿತ್ತು. ಹೇಳಿದರೆ ಸೋತಂತೆ ಎನಿಸಿತು. ಹೇಳಲಿಲ್ಲ.

ಮರುದಿನ ಹತ್ತೂವರೆಯ ಬಸ್ಸಿಗೆ ಸ್ಟೀಲಿನ ಡಬ್ಬಿ ಬಂತು. ನಮ್ಮ ಕಡೆ ಬಸ್ಸಿನಲ್ಲಿ ಮನುಷ್ಯರಿಗಿಂತ ಡಬ್ಬಿಗಳೇ ಹೆಚ್ಚು ತಿರುಗಾಡುತ್ತವೆ. ಶೇಂಗಾ ಹಿಂಡಿ, ಉಪ್ಪಿನಕಾಯಿ, ಬಾಣಂತಿಯ ಅಂಟಿನುಂಡೆ, ಎಲ್ಲ ಕಂಡಕ್ಟರರ ಸೀಟಿನ ಕೆಳಗೆ ಪ್ರಯಾಣ ಮಾಡಿ ಬರುತ್ತವೆ. ಈ ಕಂಡಕ್ಟರು ಡಬ್ಬಿಯನ್ನು ಎರಡು ಬೆರಳಿನಿಂದ ಹಿಡಿದು ನನ್ನತ್ತ ಚಾಚಿದರು.

"ಏನಕ್ಕಾರ ಇದು? ಕುಕನೂರಾಗ ಮುಚ್ಚಳ ಸಡ್ಲಾಗಿತ್ತು, ಬಿಗಿ ಮಾಡಾಕ ಹೋದೆ. ನಿಮ್ಮ ಅತ್ತಿಯವರು ನಿಮಗ ಗೊಬ್ಬರ ಕಳಸ್ಯಾರಲ್ರಿ!"

"ಹೂಂರೀ, ನಾನ ಬೇಡಿದ್ದೆ" ಎಂದೆ.

"ಮನ್ಯಾಗ ಎಲ್ಲಾ ಛಲೋ ಐತಲ್ರಿ?" ಎಂದು ಅವರು ಕಳವಳದಿಂದ ಕೇಳಿದರು.

ಡಬ್ಬಿಯೊಳಗಿಂದ ಒಂದು ಚಿಟಿಕೆ ತೆಗೆದು ಶುದ್ಧ ನೀರಿನಲ್ಲಿ ಕಲಕಿ, ತಿಳಿಮಾಡಿ, ಗಾಜಿನ ತಟ್ಟೆಗಳಿಗೆ ಹಾಕಿದೆ. ಆಲೂಗಡ್ಡೆ ಬೇಯಿಸಿ ಬಸಿದ ನೀರಿಗೆ ಸಕ್ಕರೆ ಸೇರಿಸಿ ಗಟ್ಟಿ ಮಾಡಿದ ಊಟ ಆ ತಟ್ಟೆಗಳಲ್ಲಿರುತ್ತದೆ, ಬೂಷ್ಟು ಅದರ ಮೇಲೆ ಬೆಳೆಯುತ್ತದೆ. ಏನೂ ಬರುವುದಿಲ್ಲ ಎಂದು ನನ್ನ ಗಟ್ಟಿ ನಂಬಿಕೆ. ನಾಲ್ಕನೇ ದಿನ ತಟ್ಟೆಯಲ್ಲಿ ಹಸಿರು ಇತ್ತು. ಚುಕ್ಕೆ ಅಲ್ಲ, ಢಾಳಾಗಿ ಇತ್ತು.

ಇದು ಸಾಯದೆ ಹೇಗೆ ಉಳಿಯಿತು ಎಂದು ತಲೆ ಕೆರೆದುಕೊಂಡೆ. ಸರ್ ಬಂದು ನೋಡಿದರು. ಅವರು ಬೇಕಿದ್ದರೆ ಮಾತ್ರ ಮಾತಾಡುವವರು. "ಎದುರುಬದುರು ಇಟ್ಟು ನೋಡ್ರಿ" ಎಂದಷ್ಟೇ ಹೇಳಿ ಹೋದರು. ಹೊಸ ತಟ್ಟೆಗಳನ್ನು ತೆಗೆದುಕೊಂಡೆ. ಪ್ರತಿಯೊಂದರಲ್ಲೂ ಒಂದು ಬದಿಗೆ ಬಿಳಿ ಪುಡಿಯ ಬ್ಯಾಕ್ಟೀರಿಯಾವನ್ನು ಗೆರೆಯಾಗಿ ಎಳೆದೆ. ಎದುರಿಗೆ, ಕೆಲವು ತಟ್ಟೆಯಲ್ಲಿ ನಮ್ಮ ಲ್ಯಾಬಿನ ಬೂಷ್ಟು, ಕೆಲವು ತಟ್ಟೆಯಲ್ಲಿ ಅತ್ತೆಯ ಬೂಷ್ಟು. ಯಾವ ತಟ್ಟೆ ಯಾರದು ಎಂದು ತಳದಲ್ಲಿ ಬರೆದೆ. ನಮ್ಮದಕ್ಕೆ "ಲ್ಯಾಬು", ಅವರದಕ್ಕೆ "ಅತ್ತೆ".

ನಾಲ್ಕು ದಿನಕ್ಕೆ "ಲ್ಯಾಬು" ತಟ್ಟೆಗಳಲ್ಲಿ ನಾನು ಹೇಳಿದಂತೆಯೇ ಆಗಿತ್ತು. ಬೂಷ್ಟು ಅರ್ಧ ದಾರಿ ಬಂದು ನಿಂತಿತ್ತು, ಗೆರೆಗೂ ಅದಕ್ಕೂ ನಡುವೆ ಬೆರಳಗಲ ಬಯಲು. "ಅತ್ತೆ" ತಟ್ಟೆ ಎತ್ತಿದೆ. ಬಯಲೇ ಇಲ್ಲ. ಗೆರೆಯ ಹತ್ತಿರ ಒಂದಿಷ್ಟು ನಿಧಾನವಾದಂತೆ ಕಂಡಿತು, ಅಷ್ಟೇ. ಆಮೇಲೆ ಗೆರೆ ದಾಟಿ, ಆಚೆ ಅಂಚಿನವರೆಗೂ ಹೋಗಿ ಹಸಿರಾಗಿ ಕುಳಿತಿತ್ತು. ಬ್ಯಾಕ್ಟೀರಿಯಾ ಸತ್ತಿದೆಯೋ ಎಂದು ಅದನ್ನೂ ಹೆಕ್ಕಿ ಬೇರೆ ತಟ್ಟೆಗೆ ಹಾಕಿದೆ. ಅದೂ ಗಟ್ಟಿಮುಟ್ಟಾಗಿತ್ತು. ನಾನು ಕಿರುಚಿದ ಸದ್ದಿಗೆ ಪಾಕೀಟು ತುಂಬುವ ಹೆಣ್ಣುಮಕ್ಕಳು ಇಲಿ ಬಂತೆಂದು ಕುರ್ಚಿ ಹತ್ತಿದರು.

ಸರ್ ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕೆಲವು ಬೂಷ್ಟುಗಳಿಗೆ ವಿಷ ಒಳಗೆ ಬಂದ ಕೂಡಲೇ ಹೊರಗೆ ನೂಕುವ ಸಣ್ಣ ಪಂಪುಗಳಿರುತ್ತವೆ, ಕೆಲವಕ್ಕೆ ವಿಷವನ್ನೇ ಮುರಿದು ಹುಸಿ ಮಾಡುವ ಶಕ್ತಿ ಇರುತ್ತದೆ, ಇದರಲ್ಲಿ ಏನಿದೆಯೋ ನೋಡದೆ ಹೇಳಲು ಬಾರದು ಎಂದರು. ಆಮೇಲೆ, "ಮೊದಲನೇ ವರ್ಷ ಹೆಂಗ ಬಂದಿತ್ತಂತ್ರಿ?" ಎಂದು ಕೇಳಿದರು.

ನನಗೆ ಆ ಫೋನು ನೆನಪಾಯಿತು. ಅಲ್ಲೊಂದು ಇಲ್ಲೊಂದು ಚುಕ್ಕಿ. ಬೆಲ್ಲ ಕಡಿಮೆಯಾಗಿರಲಿಲ್ಲ. ಮಿಕ್ಕದ್ದೆಲ್ಲ ವಿಷಕ್ಕೆ ಸತ್ತು, ತಡೆದುಕೊಂಡವು ಮಾತ್ರ ಚುಕ್ಕಿಯಾಗಿ ಎದ್ದಿದ್ದವು. ಅಲ್ಲೇ ನಿಂತು ಊರಿಗೆ ಫೋನ್ ಹಚ್ಚಿದೆ. ನೆಗೆಣ್ಣಿ ಎತ್ತಿ ಅತ್ತೆಗೆ ಕೊಟ್ಟಳು. ಮೊದಲನೇ ವರ್ಷ ಹೆಪ್ಪು ಗುಡ್ಡೆಯ ಯಾವ ಕಡೆಯಿಂದ ತೆಗೆದಿದ್ದಿರಿ ಎಂದು ಕೇಳಿದೆ.

"ಇದೇನ್ ಕೇಳ್ತೀಯವಾ, ಹಸರು ಬಂದಲ್ಲಿಂದ. ಮೊಸರಿಗೆ ಹೆಪ್ಪು ತಗಿಯೂವಾಗ ನೀರೊಡದಿದ್ದು ತಗಿತಾರೇನು? ಗಟ್ಟಿ ಕುಂತಿದ್ದು ನೋಡಿ ತಗಿತಾರ. ಪ್ರತಿವರ್ಷ ಹಂಗ ಮಾಡೇನಿ."

ಸರ್ ಪಕ್ಕದಲ್ಲೇ ಇದ್ದರು, ಅವರಿಗೂ ಕೇಳಿಸಿತು. ಕನ್ನಡಕ ತೆಗೆದು ಒರೆಸಿಕೊಂಡು, "ನಾವು ಲ್ಯಾಬಿನಾಗ ಮಾಡಬೇಕಂದ್ರ ಇದನ್ನ ಮಾಡ್ತಿದ್ವಿ" ಎಂದರು. ವಿಷದ ನಡುವೆ ಬೆಳೆಸು, ಉಳಿದದ್ದನ್ನು ಆರಿಸು, ಮತ್ತೆ ವಿಷದ ನಡುವೆ ಬೆಳೆಸು. ನಾಲ್ಕು ವರ್ಷ ಅತ್ತೆ ಬೇವಿನ ಗಿಡದ ಕೆಳಗೆ ಮಾಡಿದ್ದು ಅದನ್ನೇ. ಮಾಡಿದ್ದು ತಪ್ಪಿನಿಂದ ನಿಜ, ಆದರೆ ಆರಿಸಿದ್ದು ತಪ್ಪಿನಿಂದಲ್ಲ. ಅವರ ಕೈಗೆ ಗೊತ್ತಿತ್ತು.

"ಅತ್ತಿ, ಗುಡ್ಡಿ ಹಂಗ ಇರಲ್ರಿ, ಮುಟ್ಟಬ್ಯಾಡ್ರಿ" ಎಂದೆ ಉಬ್ಬಿಕೊಂಡು.

ಆ ಕಡೆ ಫೋನು ಕೈ ಬದಲಾಯಿಸಿತು. ಆಮೇಲೆ ನೆಗೆಣ್ಣಿಯ ದನಿ ಬಂತು. "ಎಲ್ಲಿ ಗುಡ್ಡಿ? ಡಬ್ಬಿ ಬಸ್ಸಿಗೆ ಕೊಟ್ಟು ಬಂದ ಕೂಡ್ಲೆ ಅತ್ತಿ ಎಲ್ಲಾ ಬಳದು ಹಳ್ಳದ ದಂಡಿಗೆ ಹಾಕಿಸಿದ್ರು. ಮೊನ್ನೆ ಮಳಿಗೆ ಹಳ್ಳ ಬಂದು ಬಳಕೊಂಡು ಹೋತು. ಮಡಕಿನೂ ತೊಳದು ಬೋರಲ ಹಾಕ್ಯಾರ."

ನಾಲ್ಕು ವರ್ಷದ ಹೆಪ್ಪು ಭೂಮಿಯ ಮೇಲೆ ಉಳಿದಿದ್ದು ನನ್ನ ಎದುರಿಗಿದ್ದ ಕೆಲವು ತಟ್ಟೆಗಳಲ್ಲಿ, ಡಬ್ಬಿಯ ತಳದಲ್ಲಿ, ಅಷ್ಟೇ. ಚೆಲ್ಲು ಎಂದವಳೂ ನಾನೇ, ಉಳಿಸಬೇಕಾದವಳೂ ನಾನೇ. ಅತ್ತೆಯ ಬೂಷ್ಟನ್ನು ಮೂರು ಗಾಜಿನ ನಳಿಕೆಗೆ ತುಂಬಿ ಫ್ರಿಜ್ಜಿನಲ್ಲಿಟ್ಟೆ. ಕರೆಂಟು ಹೋದಾಗಲೆಲ್ಲ ಓಡಿಹೋಗಿ ನೋಡುತ್ತಿದ್ದೆ. "ಅದಕ್ಕ ಕಾಲಿಲ್ರಿ, ಎಲ್ಲೂ ಹೋಗೂದಿಲ್ಲ" ಎಂದು ಸರ್ ಮೊದಲ ಸಲ ಚೇಷ್ಟೆ ಮಾಡಿದರು.

ಆದರೆ ವಿಷ ತಡೆದುಕೊಂಡರೆ ಸಾಲದು. ಅದು ಮುಖ್ಯ ಕೆಲಸ ಮರೆತಿದ್ದರೆ? ಸಿಡಿ ರೋಗದ ಬೂಷ್ಟಿನ ಎದುರಿಗೆ ಅದನ್ನು ಇಟ್ಟು ನೋಡಬೇಕೆಂದರು ಸರ್. ಹಿಂದಿನ ಪರೀಕ್ಷೆಯನ್ನೂ ಇನ್ನೆರಡು ಸಲ ಮಾಡಬೇಕೆಂದರು. ಒಂದು ಸಲ ಬಂದದ್ದು ಬಂದದ್ದಲ್ಲ ಎಂದು ಅವರ ವಾದ. ನನಗೆ ಅವಸರ, ಬಿತ್ತನೆ ಶುರುವಾದರೆ ಎಲ್ಲ ನೀರಿನಲ್ಲಿ ಹೋಮ. ಮಳೆಗಾಲ ಯಾವಾಗ ಮುಗಿದೀತೋ ಎಂದು ಊರೆಲ್ಲ ಬೈಯುತ್ತಿದ್ದಾಗ, ಇನ್ನೊಂದು ವಾರ ಹಿಡಿ ಮಳೆರಾಯಾ ಎಂದು ಬೇಡಿಕೊಂಡವಳು ಇಡೀ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಮಳೆ ನನ್ನ ಮಾತು ಕೇಳಿತು. ರೋಗದ ಬೂಷ್ಟಿನ ಮೇಲೆ ಅತ್ತೆಯ ಬೂಷ್ಟು ಹತ್ತಿ ಕುಳಿತುಕೊಂಡಿತು. ಮೂರು ಸಲವೂ ಗೆರೆ ದಾಟಿತು.

ಹೊಸ ಗುಡ್ಡೆ ಹಾಕಿ ಹದಿನೈದು ದಿನ ಕಾಯುವಷ್ಟು ಪುರುಸೊತ್ತಿರಲಿಲ್ಲ. ಜೋಳ ನೆನೆಸಿ, ಅರ್ಧ ಬೇಯಿಸಿ, ಚೀಲಕ್ಕೆ ತುಂಬಿ, ಹಬೆಯಲ್ಲಿಟ್ಟು ಶುದ್ಧ ಮಾಡಿ, ಆರಿದ ಮೇಲೆ ನಳಿಕೆಯ ಹೆಪ್ಪು ಹಾಕಿದೆ. ಹತ್ತು ದಿನಕ್ಕೆ ಒಂದೊಂದು ಕಾಳೂ ಹಸಿರು ಅರಿವೆ ತೊಟ್ಟುಕೊಂಡಿತು. ಅಷ್ಟರಲ್ಲಿ ಮಳೆ ಬಿಟ್ಟು ಹೊಲ ಹದಕ್ಕೆ ಬಂದಿತ್ತು.

ಎರಡು ಚೀಲ ಜೋಳ, ಟಿಫಿನ್ ಕ್ಯಾರಿಯರಿನಲ್ಲಿ ಎರಡು ತಟ್ಟೆ, ಜೊತೆಗೆ ಗಂಡ, ಇಷ್ಟು ಹೇರಿಕೊಂಡು ಮುಂಜಾನೆಯ ಬಸ್ಸು ಹತ್ತಿದೆ. ಅದೇ ಕಂಡಕ್ಟರು. ಚೀಲ ಮೂಸಿ ನೋಡಿ, "ಓ, ಈ ಸಲ ಸೊಸಿ ಕಡಿಂದ ಅತ್ತಿಗೇನ್ರಿ?" ಎಂದು ನಕ್ಕರು.

ಅತ್ತೆ ಅಂಗಳದಲ್ಲಿ ತಾಡಪಾಲು ಹಾಸಿ ಬೀಜದ ಕಡಲೆ ಹರವುತ್ತಿದ್ದರು. ನನ್ನನ್ನು ನೋಡಿ "ಬಾರವಾ" ಎಂದರು, ಎಂದಿನಂತೆಯೇ. ನಾನು ಚಪ್ಪಲಿಯನ್ನೂ ಬಿಡದೆ, "ಮೊದಲ ಆ ಹೆಣ್ಮಕ್ಕಳನ್ನ ಕರೀರಿ. ಅವತ್ತು ಇದ್ದವರೆಲ್ಲಾ ಬರಬೇಕು" ಎಂದೆ. "ಯಾಕವಾ ಈಗ, ಅವರೂ ಕೆಲಸದಾಗ ಇರ್ತಾರ" ಎಂದರು. ನಾನೇ ಓಣಿಗೆ ಹೋಗಿ ಬಾಗಿಲು ಬಾಗಿಲಿಗೆ ನಿಂತು ಕರೆದುಕೊಂಡು ಬಂದೆ. ಹಿಟ್ಟಿನ ಕೈಯಲ್ಲೇ ಬಂದವರಿದ್ದರು, ಕೂಸು ಕಂಕುಳಲ್ಲಿಟ್ಟುಕೊಂಡು ಬಂದವರಿದ್ದರು.

ಅದೇ ಬೇವಿನ ಗಿಡದ ಕೆಳಗೆ ನಿಂತು ಎರಡು ತಟ್ಟೆ ತೋರಿಸಿದೆ. ಇದು ನಾನು ಲ್ಯಾಬಿನಲ್ಲಿ ಬೆಳೆಸಿದ್ದು, ಬಿಳಿ ಪುಡಿಗೆ ಹೆದರಿ ಇಲ್ಲೇ ನಿಂತಿದೆ. ಇದು ಅತ್ತೆಯ ತಿಪ್ಪೆಯದು, ದಾಟಿಕೊಂಡು ಹೋಗಿದೆ. ನಾನು ನೋಡದೆ ಮಾತಾಡಿದೆ. ಇವರು ಮಾಡಿದ್ದು ಸರಿ ಇತ್ತು, ನಾನು ಹೇಳಿದ್ದು ತಪ್ಪು. ಬೇರೆಯವರು ಪಾಕೀಟಿನ ಎರಡು ಪುಡಿ ಕೂಡಿಸಬಾರದು ಎನ್ನುವುದು ಈಗಲೂ ನಿಜ, ಆದರೆ ಈ ಮನೆಯ ಹೆಪ್ಪಿಗೆ ಆ ಮಾತು ಹತ್ತುವುದಿಲ್ಲ. ಇಷ್ಟನ್ನೂ ಎಲ್ಲರ ಮುಂದೆ ಹೇಳಿದೆ.

ತಟ್ಟೆ ಕೈಯಿಂದ ಕೈಗೆ ಹೋಯಿತು. ಪಕ್ಕದ ಮನೆಯಾಕೆ ಎರಡನ್ನೂ ಹೊರಳಿಸಿ ನೋಡಿ ಹೇಳಿದಳು: "ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ ಅಂತಾರ. ನಿಮ್ಮ ಮನ್ಯಾಗ ಎರಡೂ ಒಂದ ಹಂಗಾಮಿನಾಗ ಮುಗದ್ವಲ್ಲವಾ!"

ಅಂಗಳ ತುಂಬ ನಗು. ಎಲ್ಲರಿಗಿಂತ ಜೋರಾಗಿ ನನ್ನ ಗಂಡ ನಕ್ಕ. ಆಮೇಲೆ ಎಲ್ಲರೂ ತಮ್ಮ ತಮ್ಮ ಬೀಜ ತಂದರು. ಬೆಲ್ಲದ ನೀರು ಚಿಮುಕಿಸಿ, ಹಸಿರು ಜೋಳವನ್ನು ನುಣ್ಣಗೆ ತಿಕ್ಕಿ ಕಡಲೆಗೆ ಹಚ್ಚಿದೆವು. ಯಾರಿಗೆ ಎಷ್ಟು ಎಂದು ಅತ್ತೆಯೇ ಹಂಚಿದರು, ಯಾರಿಗೂ ಇಲ್ಲ ಅನ್ನಲಿಲ್ಲ. ನೆರಳಲ್ಲಿ ಆರಿಸಿ, ಬುಟ್ಟಿ ಹೊತ್ತುಕೊಂಡು ಹೆಂಗಸರು ಹೋದರು. ಒಂದು ಬೊಗಸೆ ಜೋಳವನ್ನು ಅತ್ತೆ ಮುಂದಿನ ಗುಡ್ಡೆಗೆಂದು ಎತ್ತಿಟ್ಟರು.

ನಾವಿಬ್ಬರೇ ಉಳಿದೆವು. ತಾಡಪಾಲು ಮಡಚುತ್ತ, ಮನಸ್ಸಿನಲ್ಲಿದ್ದುದನ್ನು ಕೇಳಿಬಿಟ್ಟೆ. "ಅತ್ತಿ, ನಾಲ್ಕು ವರ್ಷ ನಿಮ್ಮ ಕಣ್ಣಿಲೆ ಕಡ್ಲಿ ನೋಡೀರಿ. ನಾ ಸತ್ತೈತಿ ಅಂದ ಕೂಡ್ಲೆ ನಂಬಿಬಿಟ್ರೇನು?"

"ನಾ ಯಾಕ ನಂಬ್ಲಿ? ಕೈ ಹಾಕಿದ್ರ ಬೆಚ್ಚಗಿತ್ತು, ಹಸಿ ಮಣ್ಣಿನ ವಾಸನಿ ಇತ್ತು. ಸತ್ತದ್ದು ಯಾವುದು, ಇದ್ದದ್ದು ಯಾವುದು ನನಗ ತಿಳಿಯೂದಿಲ್ಲೇನು?"

"ಮತ್ಯಾಕ ಚೆಲ್ಲಿದ್ರಿ?"

ಅವರು ತಾಡಪಾಲಿನ ತಮ್ಮ ಕಡೆಯ ತುದಿಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟರು. "ಎಂಟು ಮಂದಿ ಮುಂದ ನೀ ಒಂದು ಮಾತು ಆಡಿ ಹೋದಿ. ನಾ ಅದ ಗೊಬ್ಬರ ಹಾಕಿ, ಕಡ್ಲಿ ಛಲೋ ಬಂದಿದ್ರ ನಿನ್ನ ಮಾತು ಏನಾಗ್ತಿತ್ತು? ನಾಳೆ ನೀ ಪಾಕೀಟ ಹಿಡಕೊಂಡು ಈ ಊರಿಗೆ ಬಂದ್ರ ಯಾರು ನಿನ್ನ ಕೇಳ್ತಿದ್ರು? ತಿಪ್ಪಿ ಇನ್ನೊಮ್ಮೆ ಹಾಕಬಹುದವಾ. ಹೋದ ಮಾತು ಎಲ್ಲಿಂದ ತರೂದು?"

ನಾನು ಎಲ್ಲರ ಮುಂದೆ ಅವರ ಮಾನ ತೆಗೆದಿದ್ದೆ. ಅವರು ಯಾರಿಗೂ ತಿಳಿಯದಂತೆ ನನ್ನದನ್ನು ಕಾಯಲು ತಮ್ಮ ನಾಲ್ಕು ವರ್ಷವನ್ನು ಹಳ್ಳಕ್ಕೆ ಹಾಕಿದ್ದರು. ತಾಡಪಾಲು ಎದೆಗೆ ಒತ್ತಿಕೊಂಡು ನಿಂತಲ್ಲೇ ಅತ್ತುಬಿಟ್ಟೆ. ಒರೆಸಿಕೊಳ್ಳಲು ಕೈ ಎತ್ತಿದೆ.

"ತಡಿ, ತಡಿ, ಆ ಕೈ ಕಣ್ಣಿಗೆ ಒಯ್ಯಬ್ಯಾಡ" ಎಂದು ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡು, ತಮ್ಮ ಸೆರಗಿನಿಂದ ನನ್ನ ಮುಖ ಒರೆಸಿದರು. "ಮೊದಲ ಕೈ ತೊಳಿ. ಇವತ್ತು ಎರಡು ರೊಟ್ಟಿ ತಿಂದ ಹೋಗಬೇಕು."